ಬಿಬಿಎ ಕಾಲೇಜು: ನಾಲ್ಕು ಪಟ್ಟಿ, ನಾಲ್ಕು ರ‍್ಯಾಂಕ್, ಯಾವುದನ್ನ ನಂಬೋದು?

ತಿಪಟೂರು ಮಂಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು, ಕೊಬ್ಬರಿ ಮಂಡಿ ಇದೆ. ಮಗಳು ಈ ಸಲ ಸೆಕೆಂಡ್ ಪಿಯುಸಿ ಪಾಸಾದಳು. ಸೆಬಾ ಕಾಂಬಿನೇಷನ್ (ಸ್ಟ್ಯಾಟಿಸ್ಟಿಕ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ), ಒಟ್ಟು 93 ಪರ್ಸೆಂಟ್, ಅಕೌಂಟೆನ್ಸಿಯಲ್ಲಿ 98. ನಮ್ಮ ಮನೆಯಿಂದ ಡಿಗ್ರಿಗೆ ಅಂತ ಬೆಂಗಳೂರಿಗೆ ಹೊರಟಿರೋಳು ಇವಳೇ ಮೊದಲು. ಬಿಬಿಎನೇ, ಅಂದ್ರೆ ಬಿಸಿನೆಸ್ ಡಿಗ್ರಿನೇ, ಮಾಡ್ತೀನಿ ಅಂತ ಹಟ ಹಿಡಿದಿದಾಳೆ. ನಾನು ಇಲ್ಲೇ ಬಿಕಾಂ ಮಾಡಿದ್ದು. ಆಗ ಕಾಲೇಜು ಆರಿಸೋದು ಅಂದ್ರೆ ಮನೆಯಿಂದ ಸೈಕಲ್ ತುಳಿದುಕೊಂಡು ಹೋಗಿಬರೋಕೆ ಆಗುತ್ತಾ ಅನ್ನೋದು ಒಂದೇ ಲೆಕ್ಕ.

ನಾಲ್ಕು ಕಾಲೇಜು ನೋಡಿಟ್ಟಿದ್ದೀವಿ, ನಾಲ್ಕೂ ಬೆಂಗಳೂರಿನವು. ಹೆಸರು ಇಲ್ಲಿ ಹಾಕಲ್ಲ, ಒಂದು ಎರಡು ಮೂರು ನಾಲ್ಕು ಅಂತಲೇ ಹೇಳ್ತೀನಿ. ಹದಿನೈದು ದಿನದಿಂದ ರಾತ್ರಿ ಮಂಡಿ ಲೆಕ್ಕ ಮುಗಿದ ಮೇಲೆ ಖಾತೆ ಪುಸ್ತಕದ ಕೊನೇ ಹಾಳೆಯಲ್ಲಿ ಗೆರೆ ಹೊಡೆದು ಒಂದು ಪಟ್ಟಿ ಮಾಡ್ತಾ ಇದ್ದೀನಿ. ಒಂದನೇ ಕಾಲೇಜು ಒಂದು ವಾರಪತ್ರಿಕೆಯ ಬಿಬಿಎ ಪಟ್ಟಿಯಲ್ಲಿ 12ನೇದು, ಇನ್ನೊಂದರಲ್ಲಿ 37ನೇದು, ಸರ್ಕಾರದ ಎನ್‌ಐಆರ್‌ಎಫ್ ಕಾಲೇಜು ಪಟ್ಟಿಯಲ್ಲಿ ಹೆಸರೇ ಇಲ್ಲ. ಎರಡನೇದು ಎನ್‌ಐಆರ್‌ಎಫ್‌ನಲ್ಲಿದೆ, ಆದರೆ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ. ಮೂರನೇದಕ್ಕೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡೋ ಸಂಸ್ಥೆ) ಎ++ ಇದೆ, ರ‍್ಯಾಂಕ್ ಎಲ್ಲೂ ಇಲ್ಲ. ನಾಲ್ಕನೇದರ ಗೇಟಿನ ಮೇಲೆ ಇರೋ ಫ್ಲೆಕ್ಸ್‌ನಲ್ಲಿ "ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ರಾಷ್ಟ್ರಮಟ್ಟದ ರ‍್ಯಾಂಕ್" ಅಂತ ಬರೆದಿದೆ. ಫೀಸು ಅತಿ ಹೆಚ್ಚು ಇರೋದೂ ಅದರದ್ದೇ.

ತುಮಕೂರಿನಲ್ಲಿ ಒಂದು ಶಿಕ್ಷಣ ಮೇಳಕ್ಕೆ ಹೋಗಿದ್ವಿ. ಅಲ್ಲಿ ಟೈ ಕಟ್ಟಿಕೊಂಡಿದ್ದ ಒಬ್ಬರು ಹತ್ತು ನಿಮಿಷದಲ್ಲಿ ಹತ್ತು ರ‍್ಯಾಂಕ್ ತೋರಿಸಿದರು, "ಸಾರ್, ಇವತ್ತೇ 25 ಸಾವಿರ ಕಟ್ಟಿ ಸೀಟು ಬ್ಲಾಕ್ ಮಾಡಿ" ಅಂದ್ರು. ಮಗಳು ನನ್ನ ಮುಖ ನೋಡಿದಳು. ನಾನು ಕಟ್ಟಲಿಲ್ಲ. ದುಡ್ಡು ಇರಲಿಲ್ಲ ಅಂತ ಅಲ್ಲ. ನಮ್ಮ ಕೆಲಸದಲ್ಲಿ ಚೀಲ ಬಿಚ್ಚಿ ಉಂಡೆ ಕೊಬ್ಬರಿ ಕೈಗೆ ತಗೊಂಡು, ಒಂದೆರಡು ಒಡೆದು ಬಣ್ಣ ನೋಡಿ, ಕಮಟು ವಾಸನೆ ಇದೆಯಾ ಅಂತ ಮೂಸಿ ನೋಡದೆ ಯಾರೂ ರೇಟು ಬರೆಯಲ್ಲ. ಇಲ್ಲಿ ಏನನ್ನ ಒಡೆದು ನೋಡಬೇಕು ಅನ್ನೋದೇ ನನಗೆ ಗೊತ್ತಾಗ್ತಿಲ್ಲ.

ಇದರ ಒಳಗೆ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಈ ಪಟ್ಟಿಗಳನ್ನ ಹೋಲಿಸೋದು ಹೇಗೆ? ಒಂದರಲ್ಲಿ 12, ಇನ್ನೊಂದರಲ್ಲಿ 37 ಅಂದ್ರೆ ಏನರ್ಥ? ಮೂರು ವರ್ಷಕ್ಕೆ ಫೀಸು, ಹಾಸ್ಟೆಲ್ ಎಲ್ಲಾ ಸೇರಿ 9-10 ಲಕ್ಷ ಆಗುತ್ತೆ. ಕೊಡೋಕೆ ಹಿಂಜರಿಕೆ ಇಲ್ಲ, ಸರಿಯಾದ ಕಡೆ ಕೊಡಬೇಕು ಅಷ್ಟೇ.

ಕಾಮರ್ಸ್ ಮೇಷ್ಟ್ರು, ಮೈಸೂರು:

ಮಂಡಿಯವರೇ, ನಮಸ್ಕಾರ. 25 ಸಾವಿರ ಕಟ್ಟದೆ ಬಂದಿದ್ದು ಒಳ್ಳೆಯದಾಯಿತು.

ನಾನು 31 ವರ್ಷ ಕಾಮರ್ಸ್ ಮತ್ತು ಮ್ಯಾನೇಜ್‌ಮೆಂಟ್ ಪಾಠ ಮಾಡಿ ನಿವೃತ್ತನಾದವನು. ಕೊನೆಯ ಆರು ವರ್ಷ ಕಾಲೇಜಿನ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ನೋಡಿಕೊಳ್ಳುವ ಘಟಕದ, ಸಂಚಾಲಕನಾಗಿದ್ದೆ. ನ್ಯಾಕ್, ಎನ್‌ಐಆರ್‌ಎಫ್, ಪತ್ರಿಕೆಗಳ ಸಮೀಕ್ಷೆ, ಎಲ್ಲಕ್ಕೂ ಅಂಕಿಅಂಶ ತುಂಬಿ ಕಳಿಸುವ ಮೇಜು ಅದು. ನೀವು ಕೇಳುತ್ತಿರುವ ಪಟ್ಟಿಗಳು ಹುಟ್ಟುವುದು ಅಲ್ಲಿಂದಲೇ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದಿರಲಿ. ಎನ್‌ಐಆರ್‌ಎಫ್‌ನಲ್ಲಿ ಬಿಬಿಎಗೆ ಅಂತ ಪಟ್ಟಿಯೇ ಇಲ್ಲ. 2016ರಿಂದ ಕೇಂದ್ರ ಸರ್ಕಾರ ಈ ರ‍್ಯಾಂಕ್ ಪ್ರಕಟಿಸುತ್ತಿದೆ. ಅದರಲ್ಲಿ 'ಮ್ಯಾನೇಜ್‌ಮೆಂಟ್' ಎಂಬ ವಿಭಾಗ ಇದೆ, ನಿಜ. ಅದು ಮುಖ್ಯವಾಗಿ ಎಂಬಿಎ ಸಂಸ್ಥೆಗಳದ್ದು. 2024ರ ಪಟ್ಟಿಯಲ್ಲಿ ಮೊದಲನೆಯದು ಅಹಮದಾಬಾದ್ ಐಐಎಂ, ಎರಡನೆಯದು ನಮ್ಮ ಬೆಂಗಳೂರಿನ ಐಐಎಂ. ಆ ವಿಭಾಗದಲ್ಲಿ ನೂರಕ್ಕೆ 30 ಅಂಕ ಬೋಧನೆ ಮತ್ತು ಸೌಲಭ್ಯಕ್ಕೆ, 30 ಸಂಶೋಧನೆಗೆ, 20 ಪದವಿ ಮುಗಿಸಿದವರ ಫಲಿತಾಂಶಕ್ಕೆ, 10 ಹೊರರಾಜ್ಯದವರು, ಹೆಣ್ಣುಮಕ್ಕಳು, ಬಡವರು ಎಷ್ಟಿದ್ದಾರೆ ಎನ್ನುವುದಕ್ಕೆ, ಉಳಿದ 10 ಜನಾಭಿಪ್ರಾಯಕ್ಕೆ. ನಿಮ್ಮ ನಾಲ್ಕನೇ ಕಾಲೇಜಿನ ಫ್ಲೆಕ್ಸ್ ಈ ವಿಭಾಗದ್ದಾಗಿದ್ದರೆ, ಅಲ್ಲಿಯ ಎಂಬಿಎ ಪ್ರಾಧ್ಯಾಪಕರು ಬರೆದ ಸಂಶೋಧನಾ ಲೇಖನಗಳಿಗೆ ಸಿಕ್ಕ ಅಂಕವನ್ನು ನಿಮ್ಮ ಮಗಳ ಬಿಬಿಎ ಫೀಸಿನಲ್ಲಿ ವಸೂಲಿ ಮಾಡುತ್ತಿದ್ದಾರೆ ಎಂದಾಯಿತು. ಅವಳಿಗೆ ಪಾಠ ಮಾಡುವವರು ಅವರೇನಾ ಎಂದು ಕೇಳಿ. ಬಹಳ ಕಡೆ ಅವರಲ್ಲ.

'ಕಾಲೇಜು' ವಿಭಾಗ ಬೇರೆ. ಅಲ್ಲಿ ಬೋಧನೆಗೇ 40 ಅಂಕ. ಆದರೆ ಅಲ್ಲಿ ಬಿಎ, ಬಿಎಸ್ಸಿ, ಬಿಕಾಂ, ಬಿಬಿಎ ಎಲ್ಲ ಒಂದೇ ಮೂಟೆ. ದೆಹಲಿಯ ಮಿರಾಂಡಾ ಹೌಸ್ 2017ರಿಂದ 2023ರವರೆಗೆ ಸತತವಾಗಿ ಮೊದಲ ಸ್ಥಾನದಲ್ಲಿತ್ತು. ಒಳ್ಳೆಯ ಕಾಲೇಜು, ಆದರೆ ಆ ಮೊದಲ ಸ್ಥಾನ ನೋಡಿ ಬಿಬಿಎ ಬಗ್ಗೆ ಏನೂ ಹೇಳಲು ಬರುವುದಿಲ್ಲ. ಇನ್ನೊಂದು ವಿಷಯ. ಕಾಲೇಜೊಂದು ಡೀಮ್ಡ್ ವಿಶ್ವವಿದ್ಯಾಲಯವಾದ (ವಿಶ್ವವಿದ್ಯಾಲಯಕ್ಕೆ ಸಮಾನ ಎಂದು ಕೇಂದ್ರದಿಂದ ಮಾನ್ಯತೆ ಪಡೆದ) ಕೂಡಲೇ ಈ ಪಟ್ಟಿಯಿಂದ ಹೊರಬಿದ್ದು ವಿಶ್ವವಿದ್ಯಾಲಯಗಳ ಪಟ್ಟಿಗೆ ಸೇರುತ್ತದೆ. ಹೊಸೂರು ರಸ್ತೆಯ ಕ್ರೈಸ್ಟ್ 2008ರಲ್ಲೇ ಡೀಮ್ಡ್ ಆಯಿತು, ಅದನ್ನು ಕಾಲೇಜು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ನಿಮ್ಮ ಎರಡನೇ ಕಾಲೇಜಿನ ಕಥೆಯೂ ಇದೇ ಇರಬೇಕು. ಆದ್ದರಿಂದ ವಿಶ್ವವಿದ್ಯಾಲಯದ 60ನೇ ರ‍್ಯಾಂಕನ್ನೂ ಕಾಲೇಜಿನ 60ನೇ ರ‍್ಯಾಂಕನ್ನೂ ಒಂದೇ ಗೆರೆಯಲ್ಲಿ ಬರೆಯಬೇಡಿ. ಇನ್ನು ಅರ್ಜಿಯನ್ನೇ ಹಾಕದ ಸಂಸ್ಥೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ನಿಮ್ಮ ಒಂದನೇ ಕಾಲೇಜು ಅರ್ಜಿ ಹಾಕಿಯೂ ಪಟ್ಟಿಗೆ ಬರದೆ ಉಳಿಯಿತೋ, ಹಾಕಿಯೇ ಇಲ್ಲವೋ, ವಿಚಾರಿಸಿ.

ಪತ್ರಿಕೆಗಳ ವಿಷಯಕ್ಕೆ ಬಂದರೆ, ಇಂಡಿಯಾ ಟುಡೇಯಂಥವು ಬಿಬಿಎಗೆ ಪ್ರತ್ಯೇಕ ಪಟ್ಟಿ ಮಾಡುತ್ತವೆ, ಅಷ್ಟರಮಟ್ಟಿಗೆ ಉಪಯೋಗ. ಅಂಕಿಅಂಶ ಕೊಡುವುದು ಕಾಲೇಜುಗಳೇ. ಅದರ ಜೊತೆಗೆ ಅಭಿಪ್ರಾಯ ಸಂಗ್ರಹ ಸೇರಿಸುತ್ತಾರೆ. ಯಾವುದಕ್ಕೆ ಎಷ್ಟು ತೂಕ ಎನ್ನುವುದು ಪತ್ರಿಕೆಯಿಂದ ಪತ್ರಿಕೆಗೆ ಬೇರೆ. ಅಭಿಪ್ರಾಯ ಎಂದರೆ ಹಳೆಯ ಹೆಸರಿಗೆ ಬೀಳುವ ಮತ. ಹಾಗಾಗಿ 12 ಮತ್ತು 37ರ ನಡುವಿನ ವ್ಯತ್ಯಾಸ ಕಾಲೇಜಿನದ್ದೇ ಆಗಬೇಕಿಲ್ಲ, ತಕ್ಕಡಿಯದ್ದೂ ಇರಬಹುದು. ನ್ಯಾಕ್ ಎ++ ಎಂಬುದು ರ‍್ಯಾಂಕ್ ಅಲ್ಲ, ಗ್ರೇಡು. 4ಕ್ಕೆ 3.51ರ ಮೇಲೆ ಬಂದ ಎಲ್ಲರಿಗೂ ಅದೇ ಗ್ರೇಡು, ಅದೂ ಇಡೀ ಸಂಸ್ಥೆಗೆ, ಬಿಬಿಎ ವಿಭಾಗಕ್ಕಲ್ಲ.

ಹಾಗಾದರೆ ಒಡೆದು ನೋಡುವುದು ಏನನ್ನು ಎಂದು ಕೇಳಿದಿರಲ್ಲ, ಅದಕ್ಕೆ ಬರುತ್ತೇನೆ. ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಸಂಸ್ಥೆ ತಾನು ಕೊಟ್ಟ ಅಂಕಿಅಂಶಗಳನ್ನು ತನ್ನದೇ ವೆಬ್‌ಸೈಟಿನಲ್ಲಿ ಹಾಕಬೇಕು. ಸಾಮಾನ್ಯವಾಗಿ ಪುಟದ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ 'ಎನ್‌ಐಆರ್‌ಎಫ್' ಎಂದಿರುತ್ತದೆ, ಒತ್ತಿದರೆ ವರ್ಷವಾರು ಪಿಡಿಎಫ್ ಬರುತ್ತದೆ. ರ‍್ಯಾಂಕ್ ಮರೆತು ಈ ಕಡತ ತೆರೆಯಿರಿ. 'ಯುಜಿ 3 ವರ್ಷ' ಎಂಬ ಕೋಷ್ಟಕದಲ್ಲಿ ಒಂದು ಸಾಲಿನಲ್ಲಿ ಮೊದಲ ವರ್ಷಕ್ಕೆ ಸೇರಿದವರು, ಸರಿಯಾಗಿ ಮೂರು ವರ್ಷಕ್ಕೆ ಮುಗಿಸಿದವರು, ಕೆಲಸ ಸಿಕ್ಕವರು, ಅವರ ಮೀಡಿಯನ್ ಸಂಬಳ, ಮುಂದೆ ಓದಲು ಹೋದವರು, ಇಷ್ಟೂ ಇರುತ್ತದೆ.

ಆ ಸಾಲನ್ನು ಖಾತೆ ಓದಿದ ಹಾಗೆ ಓದಿ. 600 ಜನ ಸೇರಿದರು, 480 ಜನ ಸಮಯಕ್ಕೆ ಮುಗಿಸಿದರು, 190 ಜನಕ್ಕೆ ಕೆಲಸ, 120 ಜನ ಮುಂದಿನ ಓದಿಗೆ ಎಂದು ಇಟ್ಟುಕೊಳ್ಳಿ. 480ರಲ್ಲಿ 310 ಜನರ ಲೆಕ್ಕ ಸಿಕ್ಕಿತು, ಉಳಿದ 170 ಮಕ್ಕಳು ಎಲ್ಲಿ? ಅಪ್ಪನ ವ್ಯಾಪಾರಕ್ಕೆ ಹೋಗಿರಬಹುದು, ಸಿಎ ಓದುತ್ತಿರಬಹುದು, ಮನೆಯಲ್ಲೇ ಇರಬಹುದು. ಸೇರಿದ 600ರಲ್ಲಿ 120 ಮಕ್ಕಳು ಸಮಯಕ್ಕೆ ಮುಗಿಸದಿರಲು ಕಾರಣ ಏನು? ಇದನ್ನು ಅಡ್ಮಿಷನ್ ಕೌಂಟರಿನಲ್ಲಿ ಕೇಳಿ ನೋಡಿ. ಇನ್ನು ಮೀಡಿಯನ್ ಸಂಬಳ ಎಂಬುದು ಕೆಲಸ ಸಿಕ್ಕ 190 ಜನರನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ಸಂಬಳ. 480 ಜನರದ್ದಲ್ಲ. ಹಾಗಿದ್ದರೂ ಬ್ರೋಷರಿನ 'ಆವರೇಜ್ ಪ್ಯಾಕೇಜ್'ಗಿಂತ ಇದು ಎಷ್ಟೋ ಮೇಲು. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 3.5 ಲಕ್ಷ, ಒಬ್ಬನಿಗೆ 20 ಲಕ್ಷ ಸಿಕ್ಕರೆ ಸರಾಸರಿ 5.15 ಲಕ್ಷ ಎಂದು ಅಚ್ಚು ಹಾಕುತ್ತಾರೆ. ಆ ಹಣ ತೆಗೆದುಕೊಂಡವರು ಒಬ್ಬರೂ ಇಲ್ಲ.

ಅದೇ ಕಡತದ ಕೊನೆಯಲ್ಲಿ ಅಧ್ಯಾಪಕರ ಪಟ್ಟಿ ಇರುತ್ತದೆ: ವಿದ್ಯಾರ್ಹತೆ, ತಿಂಗಳ ಲೆಕ್ಕದಲ್ಲಿ ಅನುಭವ, ಸೇರಿದ ದಿನಾಂಕ. ನಾನು ಯಾರಿಗೆ ಸಲಹೆ ಕೊಟ್ಟರೂ ಇದನ್ನೇ ಮೊದಲು ನೋಡಿ ಎನ್ನುತ್ತೇನೆ. ಮ್ಯಾನೇಜ್‌ಮೆಂಟ್ ಅಧ್ಯಾಪಕರಲ್ಲಿ ಅರ್ಧಕ್ಕರ್ಧ ಜನ ಕಳೆದ ಎರಡು ವರ್ಷದಲ್ಲೇ ಸೇರಿದ್ದಾರೆ ಎಂದರೆ, ಹಿಂದಿನವರು ಯಾಕೆ ಬಿಟ್ಟುಹೋದರು ಎಂದು ಯೋಚಿಸಬೇಕು.

ಆ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು ವರ್ಷ ಪೋರ್ಟಲ್ ಮುಚ್ಚಲು ಎರಡು ದಿನ ಇದ್ದಾಗ, ತಂದೆಯ ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗರನ್ನೂ 'ಕೆಲಸ ಸಿಕ್ಕವರು' ಎಂದು ತುಂಬಲು ನನಗೆ ಮೇಲಿನಿಂದ ಹೇಳಿಕೆ ಬಂತು. ನಲವತ್ತೊಂದು ಹೆಸರು. ಒಬ್ಬೊಬ್ಬರಿಗೂ ಫೋನ್ ಮಾಡಿ, ನೇಮಕಾತಿ ಪತ್ರ ಕಳಿಸಿದ ಒಂಬತ್ತು ಜನರನ್ನು ಮಾತ್ರ ಸೇರಿಸಿದೆ. ಮರುವರ್ಷ ಆ ಕೆಲಸ ನನ್ನ ಕೈಯಲ್ಲಿ ಉಳಿಯಲಿಲ್ಲ. ಎಲ್ಲ ಕಾಲೇಜುಗಳೂ ಹೀಗೆ ಎನ್ನುವುದಿಲ್ಲ, ಪ್ರಾಮಾಣಿಕವಾಗಿ ತುಂಬುವವರನ್ನು ಬಹಳ ಜನರನ್ನು ಕಂಡಿದ್ದೇನೆ. ಆದರೆ ಆ ನಲವತ್ತೊಂದು ಹೆಸರು ಇಂದಿಗೂ ನನಗೆ ನೆನಪಿವೆ.

ಫೀಸು ಹೋಲಿಸುವಾಗ ಕೋರ್ಸು ಮೂರು ವರ್ಷದ್ದೋ ನಾಲ್ಕು ವರ್ಷದ್ದೋ ನೋಡಿಕೊಳ್ಳಿ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರಕ್ಕೆ ಇಳಿಸಿತು. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳ ನಿಯಮ ಬೇರೆ ಇರಬಹುದು. 2024-25ರಿಂದ ಬಿಬಿಎಗೂ ಎಐಸಿಟಿಇ (ತಾಂತ್ರಿಕ ಮತ್ತು ಮ್ಯಾನೇಜ್‌ಮೆಂಟ್ ಶಿಕ್ಷಣ ನಿಯಂತ್ರಿಸುವ ಕೇಂದ್ರ ಸಂಸ್ಥೆ) ವ್ಯಾಪ್ತಿ ಬಂದಿದೆ, ಅದರ ಅನುಮೋದನೆ ಪತ್ರ ಇದೆಯೇ ಎಂದೂ ಕೇಳಿ.

ಅರಸೀಕೆರೆ ಹುಡುಗಿ:

ಅಂಕಲ್, ನಮ್ಮದು ಅರಸೀಕೆರೆ, ನಿಮ್ಮ ಪಕ್ಕದ ಊರು. ಬೆಂಗಳೂರಲ್ಲಿ ಬಿಬಿಎ ಮುಗಿಸಿ ಎರಡು ವರ್ಷ ಆಯ್ತು, ಈಗ ಒಂದು ಆಡಿಟ್ ಸಂಸ್ಥೆಯಲ್ಲಿ ಕೆಲಸ. ಮೇಷ್ಟ್ರು ಹೇಳಿದ್ದು ಮೊದಲೇ ಗೊತ್ತಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅನ್ನಿಸ್ತು.

ನಾನು ಎರಡು ಕಾಲೇಜಿನ ಮಧ್ಯೆ ಆರಿಸಬೇಕಾಗಿತ್ತು. ಪತ್ರಿಕೆ ಪಟ್ಟಿಯಲ್ಲಿ ಎರಡಕ್ಕೂ ಬರೀ ಐದು ಸ್ಥಾನದ ಅಂತರ. ಅಪ್ಪ "ಮೇಲಿರೋದಕ್ಕೇ ಹೋಗು" ಅಂದ್ರು, ಹೋದೆ. ಸೇರಿದ ಮೇಲೆ ಗೊತ್ತಾಗಿದ್ದು: ಬಿಬಿಎ ಒಂದಕ್ಕೇ ಒಂಬತ್ತು ಸೆಕ್ಷನ್, ಒಂದೊಂದರಲ್ಲಿ 65ರ ಮೇಲೆ. ಎ, ಬಿ ಸೆಕ್ಷನ್‌ಗೆ ಹಳೇ ಲೆಕ್ಚರರ್‌ಗಳು. ನಮ್ಮದು ಎಚ್ ಸೆಕ್ಷನ್. ಕಾಸ್ಟ್ ಅಕೌಂಟಿಂಗ್‌ಗೆ ಒಂದೇ ಸೆಮಿಸ್ಟರ್‌ನಲ್ಲಿ ಮೂರು ಜನ ಬದಲಾದರು. ರ‍್ಯಾಂಕ್ ಇಡೀ ಕಾಲೇಜಿಗೆ ಒಂದೇ, ಆದರೆ ಎ ಸೆಕ್ಷನ್ ಕಾಲೇಜು ಬೇರೆ, ಎಚ್ ಸೆಕ್ಷನ್ ಕಾಲೇಜು ಬೇರೆ ಅಂಕಲ್. ಸೆಕ್ಷನ್ ಎಷ್ಟು, ಹೇಗೆ ಹಂಚ್ತಾರೆ ಅಂತ ತಪ್ಪದೆ ಕೇಳಿ.

ನಾನಿದ್ದ ಪಿಜಿಯಿಂದ ಕಾಲೇಜಿಗೆ ಟ್ರಾಫಿಕ್ ಜಾಸ್ತಿ ಇರೋ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕಿತ್ತು. ದಿನಕ್ಕೆ ಎರಡೂವರೆ ಗಂಟೆ ಬಸ್ಸಲ್ಲೇ. ಬಿಟ್ಟು ಬಂದ ಆ ಇನ್ನೊಂದು ಕಾಲೇಜು ನಡೆದುಕೊಂಡು ಹೋಗೋ ದೂರ, ಜೊತೆಗೆ ಅಲ್ಲಿ ಎಸಿಸಿಎ (ಸಿಎ ಥರದ ಅಂತರರಾಷ್ಟ್ರೀಯ ಅಕೌಂಟಿಂಗ್ ಕೋರ್ಸ್) ಪಾಠಾನೂ ಇತ್ತು. ಎಸಿಸಿಎಯಲ್ಲಿ ಒಟ್ಟು 13 ಪರೀಕ್ಷೆ, ಮಾನ್ಯತೆ ಇರೋ ಡಿಗ್ರಿ ಓದಿದ್ರೆ 9ರ ತನಕ ವಿನಾಯಿತಿ ಸಿಗಬಹುದು. ಕೆಲಸಕ್ಕೆ ಸೇರಿದ ಮೇಲೆ ನಾನು ಅದನ್ನ ಮೊದಲಿಂದ ಶುರು ಮಾಡಿದೀನಿ, ರಾತ್ರಿ ಹತ್ತಕ್ಕೆ ಕೂತು ಓದ್ತೀನಿ.

ತಂಗಿಗೆ ಅಕೌಂಟೆನ್ಸಿಯಲ್ಲಿ 98 ಬಂದಿದೆ ಅಂದ್ರಿ. ಬಿಬಿಎನೇ ಯಾಕೆ ಅಂತ ಒಂದ್ಸಲ ಕೂರಿಸಿಕೊಂಡು ಕೇಳಿ, ಬೈಯೋಕಲ್ಲ, ತಿಳ್ಕೊಳ್ಳೋಕೆ. ನಮ್ಮ ಕ್ಯಾಂಪಸ್ಸಿಗೆ ಬಂದ ಆಡಿಟ್, ಟ್ಯಾಕ್ಸ್ ಕಂಪನಿಗಳಲ್ಲಿ ಕೆಲವು ಬಿಕಾಂನವರನ್ನ ಮಾತ್ರ ಕೂರಿಸಿದ್ವು. ಮಾರ್ಕೆಟಿಂಗ್, ಎಚ್‌ಆರ್, ಸ್ವಂತ ವ್ಯಾಪಾರ ಅಂತ ಮನಸ್ಸಿದ್ರೆ ಬಿಬಿಎ ಸರಿ. ಹೋದ ವರ್ಷ ಯಾವ ಕಂಪನಿ ಬಿಬಿಎನಿಂದ ಎಷ್ಟು ಜನರನ್ನ ತಗೊಂಡಿತು ಅಂತ ಕೇಳಿ, ಕಾಲೇಜಿಂದ ಎಷ್ಟು ಅಂತಲ್ಲ.

ಇನ್ನೊಂದು. ಕ್ರೈಸ್ಟ್‌ನವರ ಪ್ರವೇಶ ಪರೀಕ್ಷೆಗೂ ಸಿಯುಇಟಿ ಅಂತಾರೆ, ಕೇಂದ್ರದವರು 2022ರಲ್ಲಿ ಶುರು ಮಾಡಿದ ಪರೀಕ್ಷೆಗೂ ಸಿಯುಇಟಿ ಅಂತಾರೆ. ಎರಡೂ ಬೇರೆ ಬೇರೆ. ನನ್ನ ಗೆಳತಿ ಒಂದಕ್ಕೆ ಅರ್ಜಿ ಹಾಕಿ ಇನ್ನೊಂದಕ್ಕೂ ಆಯ್ತು ಅಂದ್ಕೊಂಡು ಒಂದು ವರ್ಷ ಕಳ್ಕೊಂಡಳು.

ತಿಪಟೂರು ಮಂಡಿ:

ಮೇಷ್ಟ್ರೇ, ಕೈ ಮುಗೀತೀನಿ. ನೀವು ಹೇಳಿದ ಕಡತ ಮೂರು ಕಾಲೇಜಿನದ್ದು ಸಿಕ್ಕಿತು, ಪ್ರಿಂಟ್ ತೆಗೆಸಿದೆ. ನಾಲ್ಕನೇದರ ವೆಬ್‌ಸೈಟಲ್ಲಿ ಇದ್ದಿದ್ದು ಎಂಬಿಎ ವಿಭಾಗದ್ದು ಮಾತ್ರ, ಫ್ಲೆಕ್ಸ್ ಬಗ್ಗೆ ನೀವು ಅಂದಿದ್ದು ನಿಜ ಆಯ್ತು. ಅದನ್ನ ಪಟ್ಟಿಯಿಂದ ಹೊಡೆದು ಹಾಕಿದ್ದೀನಿ.

ಅರಸೀಕೆರೆ ಮಗಳೇ, ನೀನು ಹೇಳಿದ ಹಾಗೆ ಕೂರಿಸಿಕೊಂಡು ಕೇಳಿದೆ. ಅವಳು ಅಂದಿದ್ದು ಇದು: "ಅಪ್ಪಾ, ನಮ್ಮ ಕೊಬ್ಬರಿ ಉತ್ತರ ಭಾರತಕ್ಕೆ ಹೋಗುತ್ತೆ. ಅಲ್ಲಿ ಅದನ್ನ ಯಾರು ಕೊಳ್ತಾರೆ, ಎಷ್ಟಕ್ಕೆ ಮಾರ್ತಾರೆ ಅಂತ ಮಂಡಿಯಲ್ಲಿ ಯಾರಿಗೂ ಗೊತ್ತಿಲ್ಲ. ನಾನು ಅದನ್ನ ಕಲೀಬೇಕು." ಇಷ್ಟು ವರ್ಷ ಮಂಡಿಯಲ್ಲಿ ಕೂತ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಬಿಬಿಎನೇ ಆಗಲಿ ಅಂದೆ.

ಎಡಿಸನ್ ಕನ್ನಡಿಗ:

ಸರ್, ನಾನು ಮೂಲತಃ ಹಾಸನದವನು, ಅಮೆರಿಕದ ನ್ಯೂಜೆರ್ಸಿಯಲ್ಲಿ ಇದ್ದೀನಿ. ಎರಡು ವರ್ಷದ ಹಿಂದೆ ನನ್ನ ಮಗನಿಗೂ ಬಿಸಿನೆಸ್ ಡಿಗ್ರಿಗೆ ಕಾಲೇಜು ಹುಡುಕಬೇಕಾಗಿ ಬಂತು. ನಿಮ್ಮ ಖಾತೆ ಪುಸ್ತಕದ ಬದಲು ನನ್ನದು ಎಕ್ಸೆಲ್ ಹಾಳೆ, ಸಂಕಟ ಅದೇ.

ಇಲ್ಲಿ ಎಲ್ಲರೂ ಮೊದಲು ನೋಡೋದು ಯುಎಸ್ ನ್ಯೂಸ್ ಅನ್ನೋ ಮಾಧ್ಯಮ ಸಂಸ್ಥೆಯ ಪಟ್ಟಿ. ಅದರ ಮೇಲ್ತುದಿಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್. ಅವರ ಬಿಸಿನೆಸ್ ಪದವಿ ಪಟ್ಟಿ ಹೇಗೆ ತಯಾರಾಗುತ್ತೆ ಅಂತ ಓದಿದ ದಿನ ನನಗೆ ನಂಬೋಕೇ ಆಗಲಿಲ್ಲ. ಬಿಸಿನೆಸ್ ಶಾಲೆಗಳ ಡೀನ್‌ಗಳಿಗೆ, ಹಿರಿಯ ಪ್ರಾಧ್ಯಾಪಕರಿಗೆ ಒಂದು ಫಾರಂ ಕಳಿಸ್ತಾರೆ, ಬೇರೆ ಕಾಲೇಜುಗಳಿಗೆ 1ರಿಂದ 5ರ ತನಕ ಅಂಕ ಕೊಡಿ ಅಂತ. ಅಷ್ಟೇ. ಕೆಲಸ ಎಷ್ಟು ಜನಕ್ಕೆ ಸಿಕ್ಕಿತು, ಸಂಬಳ ಎಷ್ಟು, ಕ್ಲಾಸಲ್ಲಿ ಎಷ್ಟು ಜನ, ಯಾವುದೂ ಅದರಲ್ಲಿಲ್ಲ. ಪೊಯೆಟ್ಸ್ ಅಂಡ್ ಕ್ವಾಂಟ್ಸ್ ಅನ್ನೋರು ಬೇರೆ ರೀತಿ ಮಾಡ್ತಾರೆ: ಸೇರೋ ಮಕ್ಕಳ ಮಟ್ಟ, ಹಳೇ ವಿದ್ಯಾರ್ಥಿಗಳ ಅನುಭವ, ಕೆಲಸ, ಮೂರಕ್ಕೂ ಸಮ ತೂಕ. ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ 2016ರ ನಂತರ ಪದವಿ ಪಟ್ಟಿ ಮಾಡೋದನ್ನೇ ಬಿಟ್ಟಿತು. ಹಾಗಾಗಿ ಒಂದೇ ಕಾಲೇಜು ಒಂದರಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ.

ಮೇಷ್ಟ್ರ ನಲವತ್ತೊಂದು ಹೆಸರಿನ ವಿಷಯ ಓದಿ ನನಗೆ ನೆನಪಾಗಿದ್ದು ಫಿಲಡೆಲ್ಫಿಯಾ, ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿ. ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಶಾಲೆಯ ಆನ್‌ಲೈನ್ ಎಂಬಿಎ ಸತತ ನಾಲ್ಕು ವರ್ಷ ಯುಎಸ್ ನ್ಯೂಸ್‌ನಲ್ಲಿ ಒಂದನೇ ಸ್ಥಾನದಲ್ಲಿತ್ತು. ಕಳಿಸಿದ್ದ ಅಂಕಿಅಂಶ ಸುಳ್ಳು ಅಂತ 2018ರಲ್ಲಿ ಹೊರಬಂತು. ಅಲ್ಲಿಯ ಡೀನ್ ಆಗಿದ್ದ ಮೋಶೆ ಪೊರಾಟ್ ಅವರಿಗೆ 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯ್ತು. ಅಷ್ಟು ದಿನ ಆ ಒಂದನೇ ಸ್ಥಾನ ನೋಡಿ ಫೀಸು ಕಟ್ಟಿದ ಮಕ್ಕಳು ಎಷ್ಟು ಜನರೋ.

ನಮಗೆ ಕೊನೆಗೆ ಕೈ ಹಿಡಿದಿದ್ದು ಸರ್ಕಾರದ 'ಕಾಲೇಜ್ ಸ್ಕೋರ್‌ಕಾರ್ಡ್' ಅನ್ನೋ ವೆಬ್‌ಸೈಟು. ಸರ್ಕಾರದ ನೆರವು ಪಡೆದ ವಿದ್ಯಾರ್ಥಿಗಳ ಮುಂದಿನ ಗಳಿಕೆಯನ್ನ ತೆರಿಗೆ ದಾಖಲೆಯಿಂದಲೇ ತೆಗೆದು, ಕಾಲೇಜಿನ ಒಂದೊಂದು ಕೋರ್ಸಿಗೂ ಬೇರೆ ಬೇರೆ ತೋರಿಸ್ತಾರೆ. ಕಾಲೇಜು ತಾನೇ ಹೇಳಿಕೊಂಡಿದ್ದಲ್ಲ. ಬಿಬಿಎಗೆ ಅಂತ ನಮ್ಮ ದೇಶದಲ್ಲೂ ಅಂಥದ್ದೊಂದು ಬರಬೇಕು ಅಂತ ನನ್ನ ಮನಸಾರೆ ಆಸೆ. ಪ್ಯಾನ್ ಇದೆ, ಪಿಎಫ್ ಇದೆ, ಹೆಸರು ಮರೆಸಿ ಲೆಕ್ಕ ಕೊಡೋದು ಕಷ್ಟ ಅಲ್ಲ.

ಮಗನನ್ನ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೇ ಸೇರಿಸಿದ್ವಿ. ರ‍್ಯಾಂಕಲ್ಲಿ ಅದಕ್ಕಿಂತ ಮೇಲಿದ್ದ ಖಾಸಗಿ ಕಾಲೇಜಿಗೆ ಸಾಲ ಮಾಡಬೇಕಾಗ್ತಿತ್ತು, ಸ್ಕೋರ್‌ಕಾರ್ಡಿನಲ್ಲಿ ಎರಡರ ಗಳಿಕೆ ಹತ್ತಿರ ಹತ್ತಿರ ಇತ್ತು.

ಕಾಮರ್ಸ್ ಮೇಷ್ಟ್ರು, ಮೈಸೂರು:

ಮಂಡಿಯವರೇ, ಮಗಳ ಮಾತು ಓದಿ ಸಂತೋಷವಾಯಿತು. ಹೋದಾಗ ಪ್ರಿನ್ಸಿಪಾಲರ ಕೋಣೆಗಿಂತ ಮೊದಲು ಲೈಬ್ರರಿಗೆ ಹೋಗಿ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರ ಒಳಗೆ. ಅಂತಿಮ ವರ್ಷದ ಮಕ್ಕಳನ್ನು ಮಗಳೇ ಮಾತಾಡಿಸಲಿ, ನೀವು ದೂರ ಇರಿ. ಅಪ್ಪಂದಿರ ಮುಂದೆ ಮಕ್ಕಳು ಬಾಯಿ ಬಿಡುವುದಿಲ್ಲ. ಫೀಸು ಭಾರ ಅನ್ನಿಸಿದರೆ ಬೆಂಗಳೂರಿನ ಅರಮನೆ ರಸ್ತೆಯ ಸರ್ಕಾರಿ ಆರ್.ಸಿ. ಕಾಲೇಜನ್ನೂ ಒಮ್ಮೆ ನೋಡಿ ಬನ್ನಿ. ಕಾಮರ್ಸ್ ಮತ್ತು ಮ್ಯಾನೇಜ್‌ಮೆಂಟ್‌ಗೇ ಇರುವ ಸರ್ಕಾರಿ ಕಾಲೇಜು ಅದು.

ತಿಪಟೂರು ಮಂಡಿ:

ಹೋಗಿ ಬಂದ್ವಿ. ಬೆಳಗಿನ ರೈಲಿಗೆ ಹೊರಟು ರಾತ್ರಿ ವಾಪಸ್. ಒಂದೇ ದಿನಕ್ಕೆ ಮೂರೂ ಆಗಲಿಲ್ಲ, ಒಂದನೇದು, ಮೂರನೇದು ನೋಡಿದ್ವಿ. ಮಾರನೇ ವಾರ ಎರಡನೇದು.

ಒಂದನೇ ಕಾಲೇಜಲ್ಲಿ, ಅದೇ 12ನೇ ರ‍್ಯಾಂಕಿನದ್ದು, ಕಟ್ಟಡ ಬಹಳ ಚೆನ್ನಾಗಿದೆ. ಪ್ಲೇಸ್‌ಮೆಂಟ್ ಕೋಣೆಯಲ್ಲಿ ಗೋಡೆ ತುಂಬಾ ಕಂಪನಿಗಳ ಲಾಂಛನ. ಬಿಬಿಎನಿಂದ ಹೋದ ವರ್ಷ ಎಷ್ಟು ಜನ ಅಂತ ಕೇಳಿದೆ. "ಸರ್, ಒಟ್ಟು 92 ಪರ್ಸೆಂಟ್" ಅಂದ್ರು. ಯಾವುದರಲ್ಲಿ 92 ಅಂದೆ. ಹೆಸರು ನೋಂದಾಯಿಸಿದವರಲ್ಲಿ ಅಂದ್ರು. ನೋಂದಾಯಿಸಿದ್ದು ಎಷ್ಟು ಜನ ಅಂದಿದ್ದಕ್ಕೆ ಮೇಲ್ ಮಾಡ್ತೀವಿ ಅಂದ್ರು, ಇನ್ನೂ ಬಂದಿಲ್ಲ. ಸೆಕ್ಷನ್ ಎಂಟು.

ಮೂರನೇದು ಎ++ ಇದ್ದು ರ‍್ಯಾಂಕ್ ಇಲ್ಲದ್ದು. ಹಳೇ ಕಟ್ಟಡ, ಬಿಬಿಎಗೆ ಎರಡೇ ಸೆಕ್ಷನ್. ಅಲ್ಲಿ ಪ್ಲೇಸ್‌ಮೆಂಟ್ ನೋಡಿಕೊಳ್ಳೋ ಮೇಡಂ ಒಂದು ಉದ್ದನೆ ರಿಜಿಸ್ಟರ್ ತೆಗೆದು ಮೇಜಿನ ಮೇಲೆ ಇಟ್ಟರು. ಸಾಲು ಸಾಲಾಗಿ ವಿದ್ಯಾರ್ಥಿಯ ರೋಲ್ ನಂಬರು, ಪಕ್ಕದಲ್ಲಿ ಕಂಪನಿ ಅಥವಾ ಎಂಬಿಎ ಅಥವಾ ಸಿಎ ಅಥವಾ "ಸ್ವಂತ ವ್ಯಾಪಾರ". ಹನ್ನೊಂದು ಸಾಲಿನ ಮುಂದೆ ಪೆನ್ಸಿಲ್‌ನಲ್ಲಿ "ತಿಳಿದಿಲ್ಲ, ಮತ್ತೆ ಕರೆ ಮಾಡಬೇಕು" ಅಂತ ಬರೆದಿತ್ತು. ನಾನು ಆ ಹನ್ನೊಂದು ಸಾಲನ್ನೇ ನೋಡ್ತಾ ನಿಂತೆ. ಸಂಬಳದ ಕಾಲಂನಲ್ಲಿ ಜಾಸ್ತಿ ಇದ್ದಿದ್ದು ಮೂರೂವರೆ, ನಾಲ್ಕು ಲಕ್ಷ. ದೊಡ್ಡ ಮೊತ್ತ ಎರಡೇ ಎರಡು. ಮೇಡಂ ಯಾವುದನ್ನೂ ಮುಚ್ಚಿಡಲಿಲ್ಲ.

ಮಗಳು ಅಷ್ಟರಲ್ಲಿ ಲೈಬ್ರರಿಗೆ ಹೋಗಿದ್ದಳು. ಮುಕ್ಕಾಲು ಗಂಟೆ ಬರಲೇ ಇಲ್ಲ. ಬಂದವಳು ಹೇಳಿದ್ದು, ಕೊನೇ ವರ್ಷದಲ್ಲಿ ಪ್ರಾಜೆಕ್ಟಿಗೆ ಯಾವುದಾದರೂ ನಿಜವಾದ ವ್ಯಾಪಾರ ಹಿಡಿದು ಅದರ ಲೆಕ್ಕ, ಮಾರಾಟ ಎಲ್ಲ ಬರೆಯಬೇಕಂತೆ, ಒಬ್ಬ ಹುಡುಗ ಅವರ ಊರಿನ ರೇಷ್ಮೆಗೂಡಿನ ಮಾರುಕಟ್ಟೆ ಬಗ್ಗೆ ಬರೀತಾ ಇದ್ದನಂತೆ. "ನಾನು ನಮ್ಮ ಮಂಡಿ ಬಗ್ಗೆ ಬರೀತೀನಿ" ಅಂದಳು, ಇನ್ನೂ ಸೀಟೇ ತಗೊಂಡಿಲ್ಲ.

ಎರಡನೇದೂ ಒಳ್ಳೇದೇ, ಸುಳ್ಳು ಹೇಳಲ್ಲ. ಅಧ್ಯಾಪಕರ ಪಟ್ಟಿಯಲ್ಲಿ ಹತ್ತು ಹದಿನೈದು ವರ್ಷದವರು ತುಂಬಾ ಜನ ಇದ್ದಾರೆ. ಆದರೆ ನಾಲ್ಕು ವರ್ಷದ ಕೋರ್ಸು, ಫೀಸು ಮೂರನೇದರ ಎರಡರಷ್ಟಕ್ಕಿಂತ ಜಾಸ್ತಿ. ಉಳಿಯೋ ದುಡ್ಡು ಮುಂದೆ ಎಂಬಿಎಗೆ ಇರಲಿ ಅಂತ ಅವಳೇ ಅಂದಳು.

ಮೂರನೇದಕ್ಕೆ ಸೋಮವಾರ ಫೀಸು ಕಟ್ಟೋಕೆ ಹೋಗ್ತಿದ್ದೀವಿ. ಎಐಸಿಟಿಇ ಪತ್ರ ನೋಡಿಯಾಯ್ತು ಮೇಷ್ಟ್ರೇ. ಅರಸೀಕೆರೆ ಮಗಳೇ, ಬಸ್ ವಿಷಯ ನೀನು ಹೇಳಿದ್ದು ಮನಸ್ಸಲ್ಲಿದೆ, ಹಾಸ್ಟೆಲ್ ಕಾಲೇಜಿಗೆ ನಡೆದು ಹೋಗೋ ಅಷ್ಟು ಹತ್ತಿರ ಇರಬೇಕು. ಜನಾಂಗದ ಹಾಸ್ಟೆಲ್‌ಗೆ ಅರ್ಜಿ ಹಾಕಿದ್ದೀವಿ, ಸಿಗೋದು ಖಾತ್ರಿ ಇಲ್ಲ. ಜಯನಗರ ನಾಲ್ಕನೇ ಬ್ಲಾಕ್ ಸುತ್ತಮುತ್ತ ಹೆಣ್ಣುಮಕ್ಕಳಿಗೆ ಒಳ್ಳೆ ಊಟ ಇರೋ ಪಿಜಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.